ಶುಂಠಿ ಕೀಮೋಗಿಂತ ಹತ್ತು ಸಾವಿರ ಪಟ್ಟು ಅಂತೆ! ಆ ಮಾತು ಎಲ್ಲಿಂದ ಬಂತು?

ಶುಂಠಿಗೆ ಎರಡನೇ ಸಲ ಮಣ್ಣು ಏರಿಸಿ ಮುಗೀತು. ಮಳೆ ಬಿಡುವು ಕೊಟ್ಟಿಲ್ಲ. ಕೆಳಗಿನ ಮಡಿಗಳಲ್ಲಿ ನಾಲ್ಕೈದು ಬುಡ ಹಳದಿ ತಿರುಗಿತ್ತು, ಕಿತ್ತು ನೋಡಿದ್ರೆ ಗೆಡ್ಡೆ ಮೆತ್ತಗಾಗಿ ನಾರ್ತಾ ಇತ್ತು. ಕೊಳೆ ಬಂತು ಅಂತ ಗೊತ್ತಾಯ್ತು. ಅದರ ವಿಚಾರ ಮುಂದಿನ ವಾರ ಬರೀತೀನಿ. ಇವತ್ತು ಬರೀತಿರೋದೂ ಶುಂಠಿ ಬಗ್ಗೇನೇ, ಆದ್ರೆ ಬೇಸಾಯದ ವಿಚಾರ ಅಲ್ಲ. ಇದೇ ಪೇಜಿನಲ್ಲಿ ನಾನೇ ಮಾಡಿದ ಒಂದು ತಪ್ಪು, ಆ ತಪ್ಪಿನ ಜಾಡು ಹಿಡಿದು ಹೋದಾಗ ಸಿಕ್ಕ ಒಂದಷ್ಟು ಇತಿಹಾಸ. ಸ್ವಲ್ಪ ಉದ್ದ ಇದೆ, ರಾತ್ರಿ ಊಟ ಆದ್ಮೇಲೆ ನಿಧಾನಕ್ಕೆ ಓದಿ.

ಪೇಜಿನ ಹಳಬರಿಗೆ ನೆನಪಿರಬಹುದು. ಕೆಲವು ವರ್ಷದ ಹಿಂದೆ ಶುಂಠಿ ರೇಟು ಪಾತಾಳಕ್ಕೆ ಬಿದ್ದು, ಕೀಳಿಸಿದ ಕೂಲಿನೂ ಹುಟ್ಟದ ಕಾಲ. ಆಗ ವಾಟ್ಸಾಪಿನಲ್ಲಿ ಬಂದ ಒಂದು ಸಂದೇಶವನ್ನ ಹಾಗೇ ಎತ್ತಿ ಇಲ್ಲಿ ಹಾಕಿದ್ದೆ. ಕ್ಯಾನ್ಸರ್ ಕೋಶಗಳನ್ನ ಕೊಲ್ಲೋದರಲ್ಲಿ ಶುಂಠಿ ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಜೋರು, ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಅನ್ನೋ ಅರ್ಥದ ಸಂದೇಶ. ನಿಜ ಹೇಳ್ತೀನಿ, ಓದಿ ಎದೆ ಉಬ್ಬಿತ್ತು. ಮಂಡಿಯವನು ಬೆಲೆ ಕೊಡದಿದ್ರೂ ವಿಜ್ಞಾನ ಬೆಲೆ ಕೊಡ್ತಲ್ಲ ಅಂತ. ನಿಮ್ಮಲ್ಲಿ ಎಷ್ಟೋ ಜನ ಅದನ್ನ ಮುಂದಕ್ಕೂ ಕಳಿಸಿದ್ರಿ.

ಅದನ್ನ ಓದಿದವರಲ್ಲಿ ನಮ್ಮ ಅತ್ತಿಗೆನೂ ಒಬ್ರು. ಅವರಿಗೆ ಆಗ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಕೀಮೋದ ನಾಲ್ಕು ಸುತ್ತು ಮುಗಿದಿತ್ತು, ಇನ್ನು ಬೇರೆ ಔಷಧಿ ಶುರು ಮಾಡ್ತೀವಿ ಅಂದಿದ್ರು ಡಾಕ್ಟ್ರು. ಕೂದಲು ಹೋಗಿತ್ತು, ಬಾಯಿ ಹುಣ್ಣಾಗಿತ್ತು, ಅನ್ನದ ವಾಸನೆ ಬಂದ್ರೇ ವಾಂತಿ. ಮುಂದಿನ ತಾರೀಖಿಗೆ ಹೊರಡೋ ದಿನ ಬೆಳಿಗ್ಗೆ, ನಾನು ಬರಲ್ಲ ಅಂತ ಕೂತುಬಿಟ್ರು. "ಹಿತ್ತಲಲ್ಲೇ ಇದೆಯಲ್ಲ, ನೀನೇ ಹಾಕಿದೀಯಲ್ಲ" ಅಂತ ಮೊಬೈಲು ನನ್ನ ಕಡೆ ತಿರುಗಿಸಿ ತೋರಿಸಿದ್ರು. ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಎರಡು ತಿಂಗಳು ದಿನಕ್ಕೆ ಮೂರು ಹೊತ್ತು ಶುಂಠಿ ಕಷಾಯ ಕುಡಿದ್ರು. ಆ ಶುಂಠಿ ಕಿತ್ತು ತೊಳೆದು ಕೊಟ್ಟವನೂ ನಾನೇ.

ಕೊನೆಗೆ ಅಣ್ಣನ ಮಗಳು ಊರಿಗೆ ಬಂದು, ಅತ್ತು ಜಗಳ ಮಾಡಿ ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಅವಳು ಆಗ ಬಿ.ಫಾರ್ಮ ಓದ್ತಿದ್ಲು. ಡಾಕ್ಟ್ರು ಬೈಲಿಲ್ಲ. ನಿಂತಲ್ಲಿಂದ ಮತ್ತೆ ಶುರು ಮಾಡೋಣ ಅಂದ್ರು. ಆ ದಿನ ಕೊಟ್ಟ ಚೀಟಿಯಲ್ಲಿ ಔಷಧಿ ಹೆಸರು ಪ್ಯಾಕ್ಲಿಟ್ಯಾಕ್ಸೆಲ್ ಅಂತ ಇತ್ತು. ಹುಡುಗಿ ಕೇಳಿದ್ಲು: "ಚಿಕ್ಕಪ್ಪ, ನೀವು ಹಾಕಿದ ಸಂದೇಶದಲ್ಲಿ ಟ್ಯಾಕ್ಸಾಲ್ ಅಂತ ಇತ್ತಲ್ಲ, ಅದು ಇದೇ ಮದ್ದು, ಗೊತ್ತಾ? ಇದೂ ಒಂದು ಮರದ ತೊಗಟೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಗಿಡಕ್ಕೂ ಕೀಮೋಗೂ ಪಂದ್ಯ ಅಂತ ತಿಳ್ಕೊಂಡಿದ್ದವನಿಗೆ, ಆ ಬಾಟಲಿಯಿಂದ ತೊಟ್ಟಿಕ್ತಿರೋದೂ ಗಿಡದಿಂದಲೇ ಬಂದ ಮದ್ದು ಅಂತ ಗೊತ್ತಾಗಿದ್ದು ಆಗ.

ಆಮೇಲೆ ಇಬ್ಬರೂ ಕೂತು ಆ ಸಂದೇಶದ ಮೂಲ ಹುಡುಕಿದ್ವಿ. ಮೂಲ ಇತ್ತು, ಸುಳ್ಳಲ್ಲ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಶುಂಠಿಯಲ್ಲಿರೋ ಶೋಗಾಲ್ ಅನ್ನೋ ಪದಾರ್ಥದ ಮೇಲೆ ಮಾಡಿದ ಕೆಲಸ. ಹಸಿ ಶುಂಠಿಗೆ ಖಾರ ಕೊಡೋದು ಜಿಂಜರಾಲ್. ಶುಂಠಿ ಒಣಗಿಸಿದಾಗ, ಬಿಸಿ ಮಾಡಿದಾಗ ಅದರಲ್ಲಿ ಸ್ವಲ್ಪ ನೀರಿನಂಶ ಕಳ್ಕೊಂಡು ಶೋಗಾಲ್ ಆಗುತ್ತೆ. ಒಣ ಶುಂಠಿ ಹಸಿಗಿಂತ ಖಾರ ಇರೋದು ಇದಕ್ಕೇ. ಶೋಗಾ ಅಂದ್ರೆ ಜಪಾನೀ ಭಾಷೆಯಲ್ಲಿ ಶುಂಠಿ, ಹೆಸರು ಬಂದಿದ್ದು ಅಲ್ಲಿಂದ.

ಆ ವಿಜ್ಞಾನಿಗಳು ಸ್ತನ ಕ್ಯಾನ್ಸರಿನ ಕೋಶಗಳನ್ನ ಎರಡು ಥರ ಬೆಳೆಸಿದ್ರು. ಒಂದು, ತಟ್ಟೆಯ ತಳದಲ್ಲಿ ಒಂದೇ ಪದರವಾಗಿ. ಇನ್ನೊಂದು, ಸಣ್ಣ ಸಣ್ಣ ಉಂಡೆಗಳಾಗಿ. ಪದರದ ಮೇಲೆ ಟ್ಯಾಕ್ಸಾಲ್ ಜೋರಾಗೇ ಕೆಲಸ ಮಾಡ್ತು. ಉಂಡೆಗಳ ಮೇಲೆ ಮಾಡಲಿಲ್ಲ. ಶೋಗಾಲಿನ ಪ್ರಮಾಣಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚು ಸಾಂದ್ರತೆಯಲ್ಲಿ ಹಾಕಿದ್ರೂ ಟ್ಯಾಕ್ಸಾಲಿಗೆ ಉಂಡೆಗಳು ಬಗ್ಗಲಿಲ್ಲ, ಶೋಗಾಲಿಗೆ ಬಗ್ಗಿದವು. ಅವರು ಬರೆದಿದ್ದು ಇಷ್ಟು. ಮುಂದೆ ಔಷಧಿ ಹುಡುಕೋರಿಗೆ ಇದು ಒಳ್ಳೆ ಸುಳಿವು. ಆ ಹತ್ತು ಸಾವಿರ ಅನ್ನೋ ಅಂಕಿಯನ್ನ ಯಾರೋ ಕಿತ್ತು, ಶುಂಠಿ ಕೀಮೋಗಿಂತ ಹತ್ತು ಸಾವಿರ ಪಟ್ಟು ಅಂತ ನೆಟ್ಟರು. ನೀರು ಹಾಕಿ ಬೆಳೆಸಿದವರು ನಮ್ಮಂಥವರು.

ತಟ್ಟೆಯಲ್ಲಿ ಬೆಳೆಸೋ ಈ ಕೋಶಗಳು ಎಲ್ಲಿಂದ ಬರ್ತವೆ ಅಂತ ಕೇಳಬಹುದು. ಅದಕ್ಕೂ ಒಂದು ಕಥೆ ಇದೆ, ಅದರಲ್ಲೂ ಒಬ್ಬ ರೈತ ಹೆಣ್ಣುಮಗಳು ಇದಾಳೆ. ಅಮೆರಿಕದ ವರ್ಜೀನಿಯಾದಲ್ಲಿ ತಂಬಾಕು ಬೆಳೀತಿದ್ದ ಕಪ್ಪು ಜನರ ಕುಟುಂಬದ ಹೆನ್ರಿಯೆಟಾ ಲ್ಯಾಕ್ಸ್. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಗರ್ಭಕೊರಳಿನ ಕ್ಯಾನ್ಸರ್ ಅಂತ ಹೋದಾಗ, ಅವಳನ್ನ ಕೇಳದೆಯೇ ಗೆಡ್ಡೆಯ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ರು. ಅಲ್ಲೀವರೆಗೆ ಮನುಷ್ಯರ ಕೋಶಗಳು ತಟ್ಟೆಯಲ್ಲಿ ಸ್ವಲ್ಪ ದಿನಕ್ಕೇ ಸಾಯ್ತಿದ್ವು. ಇವಳವು ಸಾಯಲಿಲ್ಲ, ದ್ವಿಗುಣ ಆಗ್ತಾನೇ ಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಅವಳು ತೀರ್ಕೊಂಡ್ಲು, ಮಕ್ಕಳಿನ್ನೂ ಚಿಕ್ಕವು. ಅವಳ ಹೆಸರಿನ ಮೊದಲ ಅಕ್ಷರಗಳಿಂದ ಹೀಲಾ ಅಂತ ಕರೆಯೋ ಆ ಕೋಶಗಳು ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೀತಿವೆ. ಮನೆಯವರಿಗೆ ಈ ವಿಷಯ ತಿಳಿದಿದ್ದು ಇಪ್ಪತ್ತು ವರ್ಷಕ್ಕೂ ಮೇಲೆ.

ಅಲ್ಲಿಂದ ಮುಂದೆ ಯಾವುದೇ ಬೇರು, ಎಲೆ, ತೊಗಟೆಯ ಸಾರವನ್ನ ಮನುಷ್ಯರ ಕ್ಯಾನ್ಸರ್ ಕೋಶದ ಮೇಲೆ ಹಾಕಿ ನೋಡೋದು ಸುಲಭ ಆಯ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1960ರಿಂದ ಸುಮಾರು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ರು. ಕಾಡು ಮೇಡಿನಿಂದ ಗಿಡ ತರಿಸಿ, ಒಂದು ಲಕ್ಷಕ್ಕೂ ಹೆಚ್ಚು ಸಾರಗಳನ್ನ ಪರೀಕ್ಷೆ ಮಾಡಿದ್ರು. ಅಷ್ಟರಲ್ಲಿ ರೋಗಿಯ ಕೈಗೆ ಬಂದ ಔಷಧಿಗಳನ್ನ ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಒಂದು ನಮ್ಮ ಅತ್ತಿಗೆಯ ಬಾಟಲಿಯಲ್ಲಿದ್ದಿದ್ದು.

1962ರ ಆಗಸ್ಟಿನಲ್ಲಿ ಆರ್ಥರ್ ಬಾರ್ಕ್ಲೇ ಅನ್ನೋ ಸಸ್ಯಶಾಸ್ತ್ರಜ್ಞ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಅನ್ನೋ ಮರದ ತೊಗಟೆ ಸುಲಿದು ತಂದ. ಅವನು ಅಮೆರಿಕದ ಕೃಷಿ ಇಲಾಖೆಯ ನೌಕರ. ಟಿಂಬರಿನವರು ಆ ಮರಕ್ಕೆ ಬೆಲೆನೇ ಕೊಡ್ತಿರಲಿಲ್ಲ, ದೊಡ್ಡ ಮರ ಕಡಿದ ಮೇಲೆ ಕಸದ ಜೊತೆ ಸುಡ್ತಿದ್ರು. 1964ರಲ್ಲಿ ಆ ತೊಗಟೆಯ ಸಾರ ತಟ್ಟೆಯ ಕೋಶಗಳನ್ನ ಕೊಲ್ಲುತ್ತೆ ಅಂತ ಗೊತ್ತಾಯ್ತು. ನಮ್ಮ ಸಂದೇಶದ ಲೆಕ್ಕದಲ್ಲಿ ಕಥೆ ಇಲ್ಲಿಗೇ ಮುಗೀಬೇಕಿತ್ತು. ಅಲ್ಲಿ ಶುರು ಆಗಿದ್ದು ಇಲ್ಲಿಂದ.

ಸಾರದಲ್ಲಿ ನೂರಾರು ಪದಾರ್ಥ ಇರ್ತವೆ, ಕೊಲ್ಲೋದು ಯಾವುದು? ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅನ್ನೋ ಇಬ್ಬರು ಅದನ್ನ ಬೇರ್ಪಡಿಸಿ, ರಚನೆ ಬಿಡಿಸಿ ಪ್ರಕಟಿಸೋ ಹೊತ್ತಿಗೆ 1971. ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದೂರ್‌ಬಾರಿನಲ್ಲಿ ಹುಟ್ಟಿದವರು. ಅದು ಹೇಗೆ ಕೊಲ್ಲುತ್ತೆ ಅಂತ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಹೇಳಿದ್ದು 1979ರಲ್ಲಿ. ಕೋಶ ಒಡೆದು ಎರಡಾಗುವಾಗ ಒಳಗೆ ಹಗ್ಗದಂಥ ಎಳೆಗಳು ಹೊಸೆದುಕೊಳ್ತವೆ, ಕೆಲಸ ಆದ್ಮೇಲೆ ಬಿಚ್ಚಿಕೊಳ್ತವೆ. ಟ್ಯಾಕ್ಸಾಲ್ ಆ ಹಗ್ಗವನ್ನ ಬಿಚ್ಚೋಕೆ ಬಿಡಲ್ಲ. ಕೋಶ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಸಾಯುತ್ತೆ.

ಇದು ನೀರಿನಲ್ಲಿ ಕರಗಲ್ಲ. ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಕೊಡಬೇಕಾಯ್ತು. 1984ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಶುರುವಾದಾಗ ಕೆಲವರಿಗೆ ಜೀವಕ್ಕೇ ಅಪಾಯ ಆಗೋಷ್ಟು ಅಲರ್ಜಿ ಆಯ್ತು. ಮೊದಲೇ ಅಲರ್ಜಿ ತಡೆಯೋ ಮದ್ದು ಕೊಟ್ಟು, ನಿಧಾನಕ್ಕೆ ಹನಿಸೋ ಕ್ರಮ ಕಲಿತರು. 1989ರಲ್ಲಿ ಅಂಡಾಶಯದ ಕ್ಯಾನ್ಸರಿನ 40 ಹೆಂಗಸರಲ್ಲಿ 12 ಜನಕ್ಕೆ ಗೆಡ್ಡೆ ಕುಗ್ಗಿತು ಅಂತ ವರದಿ ಬಂತು. ಬೇರೆ ಮದ್ದು ಸೋತಿದ್ದ ರೋಗಿಗಳಲ್ಲಿ ಅದು ದೊಡ್ಡ ಸುದ್ದಿ. 1992ರ ಕೊನೆಗೆ ಔಷಧಿಗೆ ಒಪ್ಪಿಗೆ, ಸ್ತನ ಕ್ಯಾನ್ಸರಿಗೆ 1994ರಲ್ಲಿ. ತೊಗಟೆ ಸುಲಿದ ದಿನದಿಂದ ಲೆಕ್ಕ ಹಾಕಿದ್ರೆ ಮೂವತ್ತು ವರ್ಷ.

ಅಷ್ಟರಲ್ಲಿ ಇನ್ನೊಂದು ತಾಪತ್ರಯ. ಸುಮಾರು ಹತ್ತು ಟನ್ ತೊಗಟೆಗೆ ಒಂದು ಕೆಜಿ ಮದ್ದು, ಸುಲಿದ್ರೆ ಮರ ಸಾಯುತ್ತೆ. ಕಾಡೇ ಖಾಲಿ ಆಗೋ ಭಯ ಬಂತು. ಯುರೋಪಿನ ಯೂ ಮರದ ಎಲೆಯಲ್ಲಿ ಅದರ ಅರ್ಧ ಕಟ್ಟಿದ ರೂಪ ಸಿಗುತ್ತೆ ಅಂತ ಫ್ರಾನ್ಸಿನವರು ಕಂಡುಕೊಂಡರು. ಎಲೆ ಕೊಯ್ದ್ರೆ ಮತ್ತೆ ಚಿಗುರುತ್ತೆ, ಉಳಿದ ಅರ್ಧ ಪ್ರಯೋಗಾಲಯದಲ್ಲಿ ಜೋಡಿಸಬಹುದು. ಮರ ಉಳಿದಿದ್ದು ಹಾಗೆ.

ಇದೊಂದೇ ಅಲ್ಲ. ನಮ್ಮ ಮನೆ ಮುಂದೆ, ಗುಡಿ ಕಟ್ಟೆಯಲ್ಲಿ ನೀರಿಲ್ಲದಿದ್ರೂ ಹೂ ಬಿಡೋ ನಿತ್ಯಪುಷ್ಪ, ಅದೇ ಕಾಶಿ ಕಣಗಿಲೆ ಇದೆಯಲ್ಲ, ಮೂಲ ಮಡಗಾಸ್ಕರಿನದು. ಜಮೈಕಾದಲ್ಲಿ ಅದರ ಎಲೆ ಕುದಿಸಿ ಸಕ್ಕರೆ ಕಾಯಿಲೆಗೆ ಕುಡೀತಿದ್ರು. 1952ರಲ್ಲಿ ಕೆನಡಾದ ಕ್ಲಾರ್ಕ್ ನೋಬಲ್ ಅನ್ನೋ ವೈದ್ಯನಿಗೆ ಅಲ್ಲಿಂದ 25 ಎಲೆ ಬಂತು. ಅವನು ತಮ್ಮ ರಾಬರ್ಟ್ ನೋಬಲ್ಲಿಗೆ ಕೊಟ್ಟ. ತಮ್ಮ ಇಲಿಗಳಿಗೆ ಕುಡಿಸಿ ನೋಡಿದ್ರೆ ಸಕ್ಕರೆ ಇಳೀಲೇ ಇಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ಬಂದು ಸತ್ತವು, ಯಾಕೆ ಅಂದ್ರೆ ರಕ್ತದ ಬಿಳಿ ಕಣಗಳೇ ಕುಸಿದಿದ್ದವು. ಹಾಗಾದ್ರೆ ಬಿಳಿ ಕಣ ಮಿತಿಮೀರಿ ಹೆಚ್ಚೋ ರಕ್ತದ ಕ್ಯಾನ್ಸರಿಗೆ? ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದರಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದ್ರು. ಅದೇ ಗಿಡದ ಹಿಂದೆ ಬಿದ್ದಿದ್ದ ಎಲಿ ಲಿಲಿ ಕಂಪನಿಯವರಿಗೆ ವಿನ್‌ಕ್ರಿಸ್ಟಿನ್ ಸಿಕ್ತು, 1963ರಲ್ಲಿ ಒಪ್ಪಿಗೆ ಆಯ್ತು. ಇವು ಹಗ್ಗವನ್ನ ಹೊಸೆಯೋಕೇ ಬಿಡಲ್ಲ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡೋ ಕೂಡು ಮದ್ದುಗಳಲ್ಲಿ ವಿನ್‌ಕ್ರಿಸ್ಟಿನ್ ಇವತ್ತಿಗೂ ಒಂದು. ಒಂದು ಕಾಲಕ್ಕೆ ಆ ಕಾಯಿಲೆ ಬಂದ ಮಗು ಉಳೀತಿರಲಿಲ್ಲ, ಇವತ್ತು ಸರಿಯಾದ ಚಿಕಿತ್ಸೆ ಸಿಕ್ಕ ಹೆಚ್ಚಿನ ಮಕ್ಕಳು ಗುಣ ಆಗ್ತಾರೆ. ಆದ್ರೆ ಟನ್ನುಗಟ್ಟಲೆ ಒಣ ಎಲೆಯಿಂದ ಸಿಗೋ ಮದ್ದು ಗ್ರಾಮಿನ ಲೆಕ್ಕದಲ್ಲಿ. ಅಂಗಳದ ಎಲೆ ಕುದಿಸಿ ಕುಡಿದ್ರೆ ಸಿಗೋದು ಚಿಕಿತ್ಸೆ ಅಲ್ಲ, ಅಳತೆ ಇಲ್ಲದ ವಿಷ.

ಮೂರನೇದು ನಮ್ಮ ಘಟ್ಟದ ಕಥೆ. ಟ್ಯಾಕ್ಸಾಲ್ ಬಿಡಿಸಿದ ಅದೇ ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಅನ್ನೋದನ್ನ ತೆಗೆದಿದ್ರು. ತಟ್ಟೆಯಲ್ಲಿ, ಇಲಿಯಲ್ಲಿ ಭಾರಿ ಚೆನ್ನಾಗಿತ್ತು. ರೋಗಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ರಕ್ತ ಹೋಗೋಕೆ ಶುರುವಾಗಿ 1970ರ ದಶಕದಲ್ಲಿ ನಿಲ್ಲಿಸಬೇಕಾಯ್ತು. ಅದರ ರಚನೆ ಅಲ್ಲಲ್ಲಿ ತಿದ್ದಿ ಮಾಡಿದ ಟೋಪೊಟಿಕಾನ್, ಇರಿನೊಟಿಕಾನ್ ಅನ್ನೋ ಮದ್ದುಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಅಷ್ಟರೊಳಗೆ 1972ರಲ್ಲೇ ನಮ್ಮ ದೇಶದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಪದಾರ್ಥ ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲೂ ಇದೆ ಅಂತ ತೋರಿಸಿದ್ರು. ಕನ್ನಡದಲ್ಲಿ ಅದಕ್ಕೆ ದುರ್ವಾಸನೆ ಮರ ಅಂತಾರೆ, ಮಹಾರಾಷ್ಟ್ರದವರು ನರಕ್ಯಾ ಅಂತಾರೆ. ಸುದ್ದಿ ಹರಡಿದ ಮೇಲೆ ಘಟ್ಟದುದ್ದಕ್ಕೂ ಆ ಮರ ಕಡಿದು ಚಿಪ್ಪು ಮಾಡಿ ಸಾಗಿಸಿದ್ರು. ಇವತ್ತು ಅದು ಅಪಾಯದಲ್ಲಿರೋ ಮರಗಳ ಪಟ್ಟಿಯಲ್ಲಿದೆ.

ಈ ಮೂರು ಕಥೆ ಓದಿದ ಮೇಲೆ ನಂಗೆ ನೆನಪಾಗಿದ್ದು ಕೃಷಿ ವಿಜ್ಞಾನ ಕೇಂದ್ರದ ತರಬೇತಿ. ಗಾಜಿನ ತಟ್ಟೆಯಲ್ಲಿ ಒಂದು ಕಡೆ ಶುಂಠಿ ಕೊಳೆಯ ಶಿಲೀಂಧ್ರ, ಇನ್ನೊಂದು ಕಡೆ ಟ್ರೈಕೋಡರ್ಮಾ ಬೆಳೆಸಿ ತೋರಿಸಿದ್ರು. ಟ್ರೈಕೋಡರ್ಮಾ ಕೊಳೆಯನ್ನ ನುಂಗಿ ಹಾಕಿತ್ತು. ಅದು ಕಣ್ಣಾರೆ ಕಂಡ ನಿಜ. ಅದೇ ಟ್ರೈಕೋಡರ್ಮಾ ತಂದು ನೀರು ನಿಲ್ಲೋ ಗದ್ದೆಯ ಶುಂಠಿಗೆ ಹಾಕಿ, ಆಷಾಢದ ಮಳೆಯಲ್ಲಿ ನೆಮ್ಮದಿಯಾಗಿ ಮಲಗಿದವರು ನಮ್ಮಲ್ಲಿ ಯಾರಿದ್ದೀರಿ? ಮಣ್ಣಿದೆ, ನೀರಿದೆ, ಬಸಿಗಾಲುವೆ ಇದೆ, ಬೀಜದಲ್ಲೇ ಬಂದ ರೋಗ ಇದೆ. ತಟ್ಟೆ ಸುಳ್ಳು ಹೇಳಲ್ಲ, ಆದ್ರೆ ತಟ್ಟೆಗೆ ಹೊಲ ಗೊತ್ತಿಲ್ಲ.

ಮನುಷ್ಯನ ಮೈನೂ ಹಾಗೇ. 2008ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಆರೋಗ್ಯವಂತರಾದ 27 ಜನಕ್ಕೆ ಎರಡು ಗ್ರಾಮಿನವರೆಗೆ ಶುಂಠಿ ಸಾರ ನುಂಗಿಸಿ ರಕ್ತ ತೆಗೆದು ನೋಡಿದ್ರು. ಬಿಡಿಯಾದ ಜಿಂಜರಾಲ್ ಆಗಲಿ ಶೋಗಾಲ್ ಆಗಲಿ ಒಬ್ಬರ ರಕ್ತದಲ್ಲೂ ಸಿಗಲಿಲ್ಲ. ಮೈ ಆಗಲೇ ಅದಕ್ಕೆ ಇನ್ನೊಂದು ತುಂಡು ಅಂಟಿಸಿ, ಹೊರಗೆ ಕಳಿಸೋ ರೂಪಕ್ಕೆ ತಿರುಗಿಸಿತ್ತು. ತಟ್ಟೆಯ ಕೋಶದ ಮೇಲೆ ಸುರಿದ ಶೋಗಾಲೇ ಬೇರೆ, ನಾವು ಕುಡಿದ ಕಷಾಯ ರಕ್ತಕ್ಕೆ ತಲುಪೋ ರೂಪವೇ ಬೇರೆ.

ಹಾಗಂತ ಶುಂಠಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ಬೆಳೆಗಾರ ನಾನು, ಹೇಗೆ ಹೇಳಲಿ? ಕೀಮೋ ತಗೊಳ್ತಿದ್ದ 576 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟ ಆಗಿದೆ. ವಾಂತಿ ತಡೆಯೋ ಮಾಮೂಲಿ ಮಾತ್ರೆಗಳ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ತಗೊಂಡವರಿಗೆ ಮೊದಲ ದಿನದ ವಾಕರಿಕೆ ಹೆಚ್ಚು ಕಡಿಮೆ ಆಗಿತ್ತು. ಜೊತೆಗೆ ಅನ್ನೋ ಮಾತು ನೋಡಿ. ಬದಲಿಗೆ ಅಲ್ಲ. ನಮ್ಮಜ್ಜಿ ವಾಕರಿಕೆಗೆ ಶುಂಠಿ ಚೂರು ಬಾಯಿಗೆ ಹಾಕ್ತಿದ್ದ ಕೆಲಸಕ್ಕೆ ಲೆಕ್ಕದ ಬೆಂಬಲ ಸಿಕ್ತು ಅಂದ್ಕೊಳ್ಳಿ. ಅತ್ತಿಗೆ ಉಳಿದ ಸುತ್ತುಗಳಿಗೆ ಹೋದಾಗ ಡಾಕ್ಟ್ರನ್ನ ಕೇಳಿಯೇ ಸ್ವಲ್ಪ ಶುಂಠಿ ತಗೊಂಡು ಹೋಗ್ತಿದ್ರು. ಕೇಳಬೇಕು. ಪುಡಿ, ಸಾರ, ಮಾತ್ರೆ ಏನೇ ಇರಲಿ, ಡಾಕ್ಟ್ರಿಗೆ ಹೇಳದೆ ಮುಚ್ಚಿಟ್ಟು ತಗೋಬೇಡಿ. ರಕ್ತ ತೆಳು ಮಾಡೋ ಮಾತ್ರೆ ನುಂಗೋರಂತೂ ಖಂಡಿತ ಹೇಳಿ.

ನಮ್ಮ ವ್ಯಾಪಾರಕ್ಕೆ ಸಂಬಂಧಪಟ್ಟ ಒಂದು ಮಾತು. ಶುಂಠಿ ಪುಡಿ, ಅರಿಶಿನ ಪುಡಿ ಪ್ಯಾಕು ಮಾಡಿ ಮಾರೋರು ನಮ್ಮಲ್ಲಿ ಹೆಚ್ಚಾಗಿದ್ದಾರೆ, ಒಳ್ಳೇದು. ಹೋದ ವರ್ಷ ಒಬ್ಬ ವ್ಯಾಪಾರಿ ಬಂದು, ಚೀಟಿ ಮೇಲೆ ಕ್ಯಾನ್ಸರ್ ಗುಣಪಡಿಸುತ್ತೆ ಅಂತ ಹಾಕಿಸಿ, ಎರಡು ಪಟ್ಟು ರೇಟು ಕೊಡಿಸ್ತೀನಿ ಅಂದ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಕ್ಯಾನ್ಸರ್ ಗುಣ ಮಾಡ್ತೀವಿ ಅಂತ ಜಾಹೀರಾತು ಕೊಡೋದು ಅಪರಾಧ. ಆದ್ರೆ ನಾನು ಬೇಡ ಅಂದಿದ್ದು ಕಾಯ್ದೆಗೆ ಹೆದರಿ ಅಲ್ಲ. ಆ ಚೀಟಿ ನಂಬಿ ತಾರೀಖು ತಪ್ಪಿಸೋ ಇನ್ನೊಂದು ಮನೆಯ ಅತ್ತಿಗೆ ಕಣ್ಣ ಮುಂದೆ ಬಂದ್ರು.

ನಮ್ಮ ಅತ್ತಿಗೆ ಈಗ ಚೆನ್ನಾಗಿದ್ದಾರೆ. ಬೀಜದ ಶುಂಠಿ ಆರಿಸೋಕೆ ಅವರಷ್ಟು ಸೂಕ್ಷ್ಮ ಕಣ್ಣು ಮನೆಯಲ್ಲಿ ಇನ್ನೊಬ್ಬರಿಗಿಲ್ಲ. ಆದ್ರೂ ಆರು ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗಿ ರಿಪೋರ್ಟ್ ಬರೋವರೆಗೂ ಆ ಎರಡು ತಿಂಗಳು ನನ್ನ ಎದೆ ಮೇಲೆ ಕೂತಿರುತ್ತೆ. ಹಳೇ ಪೋಸ್ಟನ್ನ ಆವತ್ತೇ ಅಳಿಸಿದ್ದೆ. ಮೊನ್ನೆ ಬೀಜದ ವಿಚಾರ ಮಾತಾಡ್ತಾ ಅತ್ತಿಗೆನೇ ಅಂದ್ರು: "ಅಳಿಸಿದ್ರೆ ಸಾಕಾಗಲ್ಲ ಕಣೋ. ನೀನು ಹಾಕಿದಾಗ ಓದಿದವರಿಗೆ ನೀನು ಅಳಿಸಿದ್ದು ಗೊತ್ತಾಗುತ್ತಾ? ಬರಿ." ಅದಕ್ಕೇ ಬರೆದೆ. ಆ ಸಂದೇಶವನ್ನ ನನ್ನಿಂದ ತಗೊಂಡು ಮುಂದಕ್ಕೆ ಕಳಿಸಿದವರು ಇದನ್ನೂ ಅದೇ ಜನಕ್ಕೆ ಕಳಿಸಿ, ದಯವಿಟ್ಟು.

ನಾಳೆ ಬೆಳಿಗ್ಗೆ ಕೆಳಗಿನ ಮಡಿಯ ಬಸಿಗಾಲುವೆ ಇನ್ನೊಂದು ಅಡಿ ಆಳ ಮಾಡಿಸಬೇಕು. ನಿಮ್ಮಲ್ಲಿ ಕೊಳೆ ಎಷ್ಟರ ಮಟ್ಟಿಗೆ ಬಂದಿದೆ ಅಂತ ಕೆಳಗೆ ಬರೀರಿ.